ಸರಾಸರಿಗಾಗಿ ಬೋಳಿಸಿದ ಕಾಯಿಗಳು

ಇದನ್ನು ನೀವು ನಂಬುವುದಿಲ್ಲ ಎಂದು ನನಗೆ ಮೊದಲೇ ಗೊತ್ತು. ಆದ್ದರಿಂದ ಆಣೆ ಪ್ರಮಾಣಕ್ಕೆಲ್ಲ ಹೊತ್ತು ಕಳೆಯದೆ ನೇರವಾಗಿ ಹೇಳಿಬಿಡುತ್ತೇನೆ. ನನಗಿನ್ನೂ ಮೀಸೆ ಸರಿಯಾಗಿ ಬಂದಿಲ್ಲ. ಮೇಲ್ದುಟಿಯ ಮೇಲೆ ಇರುವುದನ್ನು ಮೀಸೆ ಅನ್ನಬೇಕೋ ಧೂಳು ಅನ್ನಬೇಕೋ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಎರಡು ಪಕ್ಷಗಳಿವೆ. ಹೀಗಿದ್ದರೂ ಅಪ್ಪನ ರೇಜರ್ ಹಿಡಿದು ಒಂದೇ ಮಧ್ಯಾಹ್ನದಲ್ಲಿ ನಾನು ಹನ್ನೊಂದು ತಲೆ ಬೋಳಿಸಿದ್ದೇನೆ. ಹನ್ನೊಂದೂ ತೆಂಗಿನಕಾಯಿಗಳು.

ಆ ರೇಜರ್ ಈಗಲೂ ಬಚ್ಚಲುಮನೆಯ ಗೂಡಿನಲ್ಲಿದೆ. ಅಪ್ಪ ಬ್ಲೇಡನ್ನು ಎಸೆದು ಹೊಸದು ಹಾಕಿಕೊಂಡಿದ್ದಾನೆ, ಆದರೆ ಹಿಡಿಯ ಸಂದಿಯಲ್ಲಿ ಒಂದು ಎಳೆ ತೆಂಗಿನ ನಾರು ಇನ್ನೂ ಸಿಕ್ಕಿಕೊಂಡಿದೆ. ಬೆಳಿಗ್ಗೆ ಹಲ್ಲುಜ್ಜುವಾಗ ಅದು ಕಣ್ಣಿಗೆ ಬಿದ್ದರೆ ಸಾಕು, ಬಾಯಲ್ಲಿದ್ದ ಪೇಸ್ಟು ನುಂಗಿಹೋಗುತ್ತದೆ.

ಕಾಯಿಗೂ ರೇಜರಿಗೂ ಗಂಟು ಹಾಕಿದ್ದು ಸಂಖ್ಯಾಶಾಸ್ತ್ರ. ನಾನು ಹಳೇಬೀಡಿನಲ್ಲಿ ಎರಡನೇ ಪಿಯುಸಿ ಓದುತ್ತಿದ್ದೆ. ಕಾಮರ್ಸ್ ತಗೊಂಡರೆ ಗಣಿತ ಇರುವುದಿಲ್ಲ ಎಂದು ಯಾರೋ ಹೇಳಿದ್ದನ್ನು ನಂಬಿ ಸೇರಿದವನು ನಾನು. ಗಣಿತ ಇರಲಿಲ್ಲ, ನಿಜ. ಅದರ ತಂಗಿ ಇದ್ದಳು. ಆ ವಿಷಯಕ್ಕೆ ನಮಗೆ ಇದ್ದವರು ಸುಜಾತ ಮೇಡಂ. ದಿನಾ ಅರಸೀಕೆರೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಬಸ್ಸಿನಲ್ಲಿ ಸೀಟು ಸಿಕ್ಕಿದ ದಿನ ಪಾಠ, ಸಿಗದ ದಿನ ಟೆಸ್ಟು ಎಂದು ನಾವು ಒಂದು ಸಿದ್ಧಾಂತವನ್ನೇ ಮಾಡಿಕೊಂಡಿದ್ದೆವು.

ಮೊದಲೆಲ್ಲ ಮೇಡಂ ಬೋರ್ಡಿನ ಮೇಲೆ ಸ್ಕೇಲಿಟ್ಟು ಒಂದೊಂದೇ ಕಂಬ ಎಳೆದು ಹಿಸ್ಟೋಗ್ರಾಂ ಬರೆಯುತ್ತಿದ್ದರು. ಕೊನೆಯ ಕಂಬ ನಿಲ್ಲುವಷ್ಟರಲ್ಲಿ ಬೆಲ್ಲು. ಮಾರನೆಯ ದಿನ ಬರುವಷ್ಟರಲ್ಲಿ ಯಾರೋ ಆ ಕಂಬಗಳಿಗೆ ಕಿಟಕಿ ಬಾಗಿಲು ಇಟ್ಟು ಮನೆ ಮಾಡಿರುತ್ತಿದ್ದರು. ಯಾರೋ ಅಂದರೆ ನಾನೇ. ಆ ವರ್ಷ ಮಾತ್ರ ಒಂದು ಸಂಸ್ಥೆಯವರು ನಮ್ಮ ಕ್ಲಾಸಿಗೆ ಹತ್ತು ಟ್ಯಾಬ್ ಕೊಟ್ಟರು. ಅದರಲ್ಲಿ ಒಂದು ಅಂಕಿ ಹಾಕಿದರೆ ಪರದೆಯ ಮೇಲೆ ಒಂದು ಚುಕ್ಕೆ ಬಂದು ಕೂರುತ್ತದೆ. ಇನ್ನೊಂದು ಹಾಕಿದರೆ ಪಕ್ಕದಲ್ಲೋ ಮೇಲೆಯೋ ಇನ್ನೊಂದು. ನೋಡನೋಡುತ್ತ ಚುಕ್ಕೆಗಳು ಗುಡ್ಡೆಯಾಗುತ್ತವೆ, ಸರಾಸರಿಯ ಕೆಂಪು ಗೆರೆ ಆಚೆ ಈಚೆ ಸರಿಯುತ್ತದೆ. ಮೊದಲ ದಿನ ಅದನ್ನು ನೋಡಿ ಕೊನೆಯ ಬೆಂಚಿನವರೂ ಎದ್ದು ನಿಂತಿದ್ದರು. ಸಂಖ್ಯಾಶಾಸ್ತ್ರದ ಇತಿಹಾಸದಲ್ಲೇ ಹೀಗಾಗಿರಲಿಕ್ಕಿಲ್ಲ.

ಆದರೆ ಟ್ಯಾಬ್‌ಗಳು ನಮ್ಮವಲ್ಲ. ಮೇಡಂ ಅದನ್ನು ಮೊದಲೇ ಹೇಳಿದ್ದರು. "ಒಂದು ಟರ್ಮಿಗೆ ಕೊಟ್ಟಿದಾರೆ ಕಣ್ರೋ. ಕೊನೇಲಿ ಅವರ ಕಡೆಯಿಂದ ಒಬ್ರು ಬಂದು ಕೂತ್ಕೊಂಡು ನೋಡ್ತಾರೆ. ನೀವು ನಿಜವಾಗ್ಲೂ ಏನಾದ್ರೂ ಕಲ್ತಿದೀರ ಅನ್ನಿಸಿದ್ರೆ ಇಲ್ಲೇ ಬಿಡ್ತಾರೆ. ಇಲ್ಲಾಂದ್ರೆ ಅದೇ ಡಬ್ಬದಲ್ಲಿ ತುಂಬ್ಕೊಂಡು ಬೇರೆ ಕಾಲೇಜಿಗೆ ಕೊಡ್ತಾರೆ." ಟ್ಯಾಬ್‌ಗಳು ಬಂದಿದ್ದ ರಟ್ಟಿನ ಡಬ್ಬ ಆ ಮಾತಿಗೆ ಸಾಕ್ಷಿಯಾಗಿ ಕ್ಲಾಸಿನ ಮೂಲೆಯಲ್ಲೇ ಕೂತಿತ್ತು.

ನನಗೇನೂ ಅದರಿಂದ ನಿದ್ದೆ ಕೆಡಲಿಲ್ಲ, ನನ್ನ ಹತ್ತಿರ ಫೋನಿತ್ತು. ಮುಂದಿನ ಬೆಂಚಿನ ಪಲ್ಲವಿಯ ಕತೆ ಬೇರೆ. ಅವರ ಮನೆಯಲ್ಲಿ ನಾಲ್ಕು ಜನಕ್ಕೆ ಒಂದು ಫೋನು. ಅದು ಹಗಲೆಲ್ಲ ಅವಳ ಅಣ್ಣನ ಜೇಬಿನಲ್ಲಿ, ಸಂಜೆ ಅವನ ಕಿವಿಯಲ್ಲಿ. ಮುಂದೆ ಡಿಗ್ರಿಯಲ್ಲಿ ಇದನ್ನೇ ಓದಬೇಕು ಎಂದು ಹೇಳುತ್ತಿದ್ದವಳು ಇಡೀ ಕ್ಲಾಸಿಗೆ ಅವಳೊಬ್ಬಳೇ. ನಾವೆಲ್ಲ ಬುತ್ತಿ ಬಿಚ್ಚುವಾಗ ಅವಳು ಎಡಗೈಯಲ್ಲಿ ಚಿತ್ರಾನ್ನದ ಡಬ್ಬಿ ಹಿಡಿದು ಬಲಗೈಯ ಒಂದೇ ಬೆರಳಲ್ಲಿ ಟ್ಯಾಬ್ ಒತ್ತುತ್ತಿದ್ದಳು, ತಿನ್ನುವುದನ್ನು ಮರೆತು. ಮರೆತದ್ದನ್ನು ನಾನು ತಿಂದಿದ್ದೇನೆ.

ಮೇಡಂ ಒಂದು ಶುಕ್ರವಾರ ಮನೆಕೆಲಸ ಕೊಟ್ಟರು. ಪ್ರತಿಯೊಬ್ಬರೂ ಮನೆಯಲ್ಲಿ ಸುಲಿದ ತೆಂಗಿನಕಾಯಿ ನಲವತ್ತು ತೂಗಬೇಕು, ಗ್ರಾಂ ಲೆಕ್ಕದಲ್ಲಿ ಬರೆದು ಸೋಮವಾರ ಟ್ಯಾಬಿಗೆ ಹಾಕಬೇಕು.

ನಲವತ್ತು ಕಾಯಿ ತೂಗುವುದು ಹುಡುಗಾಟವಲ್ಲ, ಬಗ್ಗಬೇಕು. ಕಾಯಿಯ ವಿಷಯದಲ್ಲಿ ನನಗೆ ಬಾಲ್ಯದಿಂದಲೂ ಒಂದು ಸಿಟ್ಟಿದೆ. ನಮ್ಮಜ್ಜಿ ಕಾಯಿ ಎಣಿಸುವಾಗ ಮೊದಲನೆಯದನ್ನು ಒಂದು ಅನ್ನುತ್ತಿರಲಿಲ್ಲ, ಲಾಭ ಅನ್ನುತ್ತಿದ್ದಳು. ಲಾಭ, ಎರಡು, ಮೂರು. ನಾನು ಎಣಿಕೆ ಕಲಿತದ್ದು ಅವಳ ಪಕ್ಕ ಕೂತು. ಒಂದನೇ ಕ್ಲಾಸಿನಲ್ಲಿ ಮಿಸ್ಸು ಎಣಿಸು ಅಂದಾಗ ಗಂಟಲು ಸರಿಮಾಡಿಕೊಂಡು "ಲಾಭ" ಎಂದು ಶುರುಮಾಡಿದವನು ಐದನೇ ಕ್ಲಾಸಿನವರೆಗೂ ಲಾಭ ಅಂತಲೇ ಕರೆಸಿಕೊಂಡೆ.

ಅಂಕಿಗಳ ಜೊತೆ ನಾನು ಆಟವಾಡಿದ್ದು ಅದೇ ವಯಸ್ಸಿನಲ್ಲಿ. ಅರಸೀಕೆರೆ ಸ್ಟೇಷನ್ನಿನಲ್ಲಿ ಬಣ್ಣದ ಲೈಟು ತಿರುಗುವ ತೂಕದ ಮಿಷನ್ ಒಂದಿತ್ತು. ಕಾಸು ಹಾಕಿದರೆ ಚೀಟಿ ಬರುತ್ತಿತ್ತು. ಮಾವನ ಊರಿಗೆ ಹೋಗುವಾಗ ನಾನು ಅದರ ಮೇಲೆ ಹತ್ತಿ ನಿಂತೆ, ಮಾವನ ಟ್ರಂಕನ್ನೂ ಹತ್ತಿಸಿಕೊಂಡೆ. ನಲವತ್ತೊಂದು ಕೆಜಿ. ಆ ಚೀಟಿಯನ್ನು ಕಂಪಾಸ್ ಬಾಕ್ಸಿನಲ್ಲಿಟ್ಟುಕೊಂಡು ವರ್ಷವಿಡೀ ಸ್ಕೂಲಿನಲ್ಲಿ ತೋರಿಸಿದೆ. ಕಣ್ಣೆದುರಿಗೆ ಕಡ್ಡಿಯಂತೆ ನಿಂತಿದ್ದ ನನ್ನನ್ನು ಬಿಟ್ಟು ಎಲ್ಲರೂ ಚೀಟಿಯನ್ನೇ ನಂಬಿದರು. ಅವತ್ತೇ ನನಗೆ ಅರ್ಥವಾಯಿತು, ಅಚ್ಚಾದ ಅಂಕಿಗೆ ಜನ ಹೆದರುತ್ತಾರೆ.

ಹಾಗಾಗಿ ನಾನು ಕಾಯಿ ತೂಗಲಿಲ್ಲ. ಆ ವಾರವೇ ಮೇಡಂ ಹೇಳಿಕೊಟ್ಟಿದ್ದ ಸೂತ್ರವೊಂದಿತ್ತು. ಸರಾಸರಿ ಇಷ್ಟು, ಅದರ ಆಚೀಚೆ ಚದುರುವಿಕೆ ಇಷ್ಟು ಎಂದು ಕೊಟ್ಟರೆ ಸ್ಪ್ರೆಡ್‌ಶೀಟು ತಾನೇ ಅಂಕಿಗಳನ್ನು ಉದುರಿಸುತ್ತದೆ. ನಾನು ಜಗಲಿಯ ಮೇಲೆ ಕಾಲು ಚಾಚಿ ಮಲಗಿ, ಫೋನಿನಲ್ಲಿ ಐನೂರ ಅರವತ್ತು, ನಲವತ್ತು ಎಂದು ಒತ್ತಿದೆ. ಕಣ್ಣು ಮಿಟುಕಿಸುವುದರೊಳಗೆ ನಲವತ್ತು ಕಾಯಿ ಸುಲಿದು, ತೂಗಿ, ಬರೆದು ಮುಗಿದಿತ್ತು. ನಾರೂ ಇಲ್ಲ, ಬೆವರೂ ಇಲ್ಲ.

ಸೋಮವಾರ ನನ್ನ ಚಿತ್ರ ಪರದೆಯ ಮೇಲೆ ಬಂದಾಗ ಕ್ಲಾಸು ಸುಮ್ಮನಾಯಿತು. ಪುಸ್ತಕದಲ್ಲಿ ಇರುತ್ತದಲ್ಲ, ಗಂಟೆ ಕವುಚಿಟ್ಟ ಹಾಗೆ, ನಡುವೆ ಎತ್ತರ, ಎರಡೂ ಕಡೆ ಇಳಿಜಾರು, ಹಾಗೇ ಇತ್ತು. ಆಮೇಲೆ ಬಂದದ್ದು ಪಲ್ಲವಿಯದು. ಎಡಕ್ಕೊಂದು ಗುಡ್ಡ, ಬಲಕ್ಕೊಂದು ಗುಡ್ಡ, ನಡುವೆ ಬಯಲು.

"ಮೇಡಂ, ಇವ್ಳು ಕಾಯಿ ಬಿಟ್ಟು ಒಂಟೆ ತೂಗವ್ಳೆ," ಎಂದೆ ನಾನು. ಕ್ಲಾಸು ಹೊಟ್ಟೆ ಹಿಡಿದು ನಕ್ಕಿತು. ಇಂಥ ನಗೆ ಬಂದಾಗ ನಾನು ಸ್ವಲ್ಪ ಎದ್ದು ನಿಂತು ಎಲ್ಲರಿಗೂ ಮುಖ ತೋರಿಸುತ್ತೇನೆ, ಅವತ್ತೂ ತೋರಿಸಿದೆ.

ಪಲ್ಲವಿ ನಗಲಿಲ್ಲ. "ಮೂರ್ ಸಲ ತೂಗಿದೀನಿ ಮೇಡಂ. ಹಿಂಗೇ ಬರ‍್ತೈತೆ."

"ಬರ‍್ಲಿ ಬಿಡಮ್ಮ. ಯಾಕೆ ಹಿಂಗ್ ಬಂತು ಅಂತ ಮನೇಲಿ ಕೇಳ್ಕೊಂಡ್ ಬಾ," ಎಂದರು ಮೇಡಂ. ಆಮೇಲೆ ನನ್ನ ಚಿತ್ರವನ್ನು ಮತ್ತೆ ಪರದೆಗೆ ತಂದು ನೋಡುತ್ತ ನಿಂತರು. "ಚೇತನ್, ಮುಂದಿನ ಸೋಮವಾರ ಅವರು ಬರ‍್ತಾರೆ. ನಿಮ್ಮನೆ ರಾಶಿಯಿಂದಲೇ ಇನ್ನೊಂದಿಪ್ಪತ್ತು ಕಾಯಿ ತಗೊಂಬಾ. ಅವರೇ ಚೀಲದಿಂದ ಒಂದೊಂದಾಗಿ ತೆಗೀಲಿ. ನೀನು ತೂಗು, ಪಲ್ಲವಿ ಟ್ಯಾಬಿಗೆ ಹಾಕ್ತಾಳೆ. ಒಂದೇ ರಾಶಿಯ ಇಪ್ಪತ್ತು ಕಾಯಿ, ನಲವತ್ತು ಹೇಳಿದ್ದನ್ನೇ ಹೇಳುತ್ತೆ ಅನ್ನೋದು ಅವರ ಕಣ್ಣಿಗೆ ಕಾಣ್ಲಿ. ಅಷ್ಟು ಕಂಡ್ರೆ ಟ್ಯಾಬ್ ನಮ್ಮದೇ."

ಕ್ಲಾಸು ಚಪ್ಪಾಳೆ ಹೊಡೆಯಿತು. ನಾನೂ ಹೊಡೆದೆ. ಹೊಡೆಯುತ್ತಿದ್ದ ಹಾಗೇ ನೆನಪಾಯಿತು, ನಾನು ಒಂದು ಕಾಯಿಯನ್ನೂ ತೂಗಿಲ್ಲ.

ಆ ವಾರ ನಾನು ಅಡುಗೆಮನೆಯ ತಕ್ಕಡಿಯನ್ನು ಮಗುವಿನಂತೆ ಎತ್ತಿಕೊಂಡು ತಿರುಗಿದೆ. ಅಮ್ಮ ಅಡುಗೆಗೆ ಇಟ್ಟಿದ್ದ ಕಾಯಿಗಳನ್ನು ತೂಗಿದೆ. ಎಲ್ಲವೂ ಸಣ್ಣವು, ನಾನೂರು ಗ್ರಾಮಿನ ಆಸುಪಾಸು. ನಡುಮನೆಯಲ್ಲಿ ಇನ್ನೊಂದು ಚೀಲವಿತ್ತು. ನನ್ನ ಅಕ್ಕ ರೂಪಕ್ಕನ ನಿಶ್ಚಿತಾರ್ಥ ಮಂಗಳವಾರ, ಅಂದರೆ ಆ ಸೋಮವಾರದ ಮಾರನೆಯ ದಿನ. ಗಂಡಿನ ಕಡೆಯಿಂದ ಬರುವ ಹೆಂಗಸರ ಮಡಿಲಿಗೆ ತಾಂಬೂಲದ ಜೊತೆ ಹಾಕಲು ಅಮ್ಮ ತಿಂಗಳಿಂದ ಆರಿಸಿ, ಜುಟ್ಟು ಬಿಟ್ಟು ಸುಲಿಸಿ ಇಟ್ಟಿದ್ದ ಕಾಯಿಗಳು. ಎಲ್ಲ ದಪ್ಪ ದಪ್ಪ, ಆರುನೂರಕ್ಕೆ ಕಡಿಮೆ ಯಾವುದೂ ಇಲ್ಲ. ಐನೂರ ಅರವತ್ತರ ಕಾಯಿ ಇಡೀ ಮನೆಯಲ್ಲಿ ಒಂದೂ ಇರಲಿಲ್ಲ.

"ಅಮ್ಮ, ನಡುಸೈಜಿನ ಕಾಯಿ ಎಲ್ಲೋದ್ವು?"

ಅಮ್ಮ ನನ್ನನ್ನು ಕರು ಮಾತಾಡಿದ ಹಾಗೆ ನೋಡಿದಳು. "ಈ ಮನೇಲಿ ಹದಿನೇಳು ವರ್ಷ ಉಂಡಿದೀಯ, ಅಷ್ಟೂ ಗೊತ್ತಿಲ್ವೇನ್ಲಾ? ನಡುಸೈಜಿನವು ಸಿಪ್ಪೆ ಸಮೇತ ಅಟ್ಟಕ್ಕೋಗ್ತವೆ, ಕೊಬ್ಬರಿಗೆ. ದಪ್ಪಂದು ಮಾರೋಕೆ, ಬಂದೋರಿಗೆ. ಸಣ್ಣವು ನಮ್ ಸಾರಿಗೆ. ಎಲ್ಲರ ಮನೇಲೂ ಹಂಗೇ ಅಲ್ವಾ."

ಎಲ್ಲರ ಮನೆಯಲ್ಲೂ ಹಾಗೇ. ಪಲ್ಲವಿಯ ಮನೆಯಲ್ಲೂ ಹಾಗೇ. ನಡುವಿನ ಬಯಲು ಅವಳ ತಪ್ಪಲ್ಲ, ಅದು ಅಟ್ಟದ ಮೇಲೆ ಒಣಗುತ್ತಿತ್ತು. ಅವಳ ಒಂಟೆಯೇ ಸರಿ, ನನ್ನ ಗಂಟೆಯೇ ಸುಳ್ಳು. ಸಂಖ್ಯಾಶಾಸ್ತ್ರದಲ್ಲಿ ನನಗೆ ತಾನಾಗಿ ಅರ್ಥವಾದ ಮೊದಲ ಸಂಗತಿ ಅದು. ಯಾರಿಗೂ ಹೇಳುವಂತಿರಲಿಲ್ಲ. ಮಾರನೆಯ ದಿನ ಪಲ್ಲವಿ ಬಂದು, "ಮನೇಲಿ ಕೇಳಿದ್ರೆ ಅಣ್ಣ ಬಯ್ದ ಕಣೋ. ನಿಂಗೇನಾದ್ರೂ ಗೊತ್ತಾಯ್ತಾ ಯಾಕೆ ಅಂತ?" ಎಂದಳು.

"ನಿಮ್ ತಕ್ಕಡಿ ಕೆಟ್ಟೈತೆ," ಎಂದೆ.

ಅವಳು ತಲೆಯಾಡಿಸಿ ಹೋದಳು. ನಂಬಿದಳು, ಅದೇ ಕಷ್ಟ. ಯಾಕೆಂದರೆ ನನ್ನ ಚಿತ್ರ ಪುಸ್ತಕದಲ್ಲಿ ಇದ್ದ ಹಾಗಿತ್ತು.

ಭಾನುವಾರ ಅಪ್ಪ, ಅಮ್ಮ, ರೂಪಕ್ಕ ಮೂವರೂ ಸೀರೆ ತರಲು ಬೇಲೂರಿಗೆ ಹೋದರು. ನಾನು ಓದಬೇಕು ಎಂದೆ. ಆ ಮಾತಿಗೆ ಅಪ್ಪ ಬಸ್ ಸ್ಟಾಪಿನ ತನಕ ತಿರುಗಿ ತಿರುಗಿ ನೋಡುತ್ತ ಹೋದ. ಅವರು ಮರೆಯಾದ ಮೇಲೆ ಕದ ಹಾಕಿ, ತಾಂಬೂಲದ ಚೀಲದಿಂದ ಇಪ್ಪತ್ತು ಕಾಯಿ ಹೊರಗಿಟ್ಟೆ. ನನಗೆ ಬೇಕಾದ ಇಪ್ಪತ್ತು ತೂಕಗಳ ಪಟ್ಟಿ ಗೋಡೆಗೆ ಅಂಟಿಸಿದೆ. ಸಣ್ಣ ಕಾಯಿಯನ್ನು ದಪ್ಪ ಮಾಡುವುದು ದೇವರಿಗೆ ಬಿಟ್ಟದ್ದು. ದಪ್ಪ ಕಾಯಿಯನ್ನು ಇಳಿಸುವುದು ನನಗೆ ಬಿಟ್ಟದ್ದು.

ತೂಕ ತುಂಬ ಇಳಿಯಬೇಕಾದ ಒಂಬತ್ತು ಕಾಯಿಗಳಿಗೆ ಮೆತ್ತಗಿನ ಕಣ್ಣಿನಲ್ಲಿ ಮೊಳೆ ಇಳಿಸಿ ನೀರು ಬಸಿದೆ. ತೂತಿಗೆ ಮೇಣದ ಬತ್ತಿ ಕರಗಿಸಿ ಬಿಟ್ಟು, ಜುಟ್ಟನ್ನು ಮೇಲಿನಿಂದ ಬಾಚಿ ಮುಚ್ಚಿದೆ. ಬಸಿದ ನೀರನ್ನೆಲ್ಲ ಕುಡಿದೆ. ಆರನೇ ಕಾಯಿಯ ಹೊತ್ತಿಗೆ ಹೊಟ್ಟೆ ನಗಾರಿಯಾಗಿತ್ತು, ಆದರೂ ಸಾಕ್ಷ್ಯ ಉಳಿಸಬಾರದಲ್ಲ. ಸ್ವಲ್ಪವೇ ಇಳಿದರೆ ಸಾಕಿದ್ದ ಹನ್ನೊಂದಕ್ಕೆ ಮೊದಲು ಕತ್ತರಿ, ಆಮೇಲೆ ಅಪ್ಪನ ರೇಜರ್. ಜುಟ್ಟು ತೆಗೆ, ತೂಗು. ಮೈಮೇಲಿನ ನಾರು ಹೆರೆ, ತೂಗು. ಒಂದು ಕಾಯಿ ಪಟ್ಟಿಗಿಂತ ನಾಲ್ಕು ಗ್ರಾಂ ಕೆಳಗೆ ಹೋಗಿಬಿಟ್ಟಿತು, ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನೀರು ಕುಡಿಸಿದೆ. ನಮ್ಮೂರಿನ ಕ್ಷೌರದ ಅಂಗಡಿಯವರು ಮದುಮಗನಿಗೂ ಅಷ್ಟು ಮರ್ಯಾದೆ ಕೊಟ್ಟಿರಲಾರರು.

ನನ್ನ ಲೆಕ್ಕ ಇಷ್ಟೇ. ಸೋಮವಾರ ಕಾಯಿ ತಗೊಂಡು ಹೋಗುವುದು, ಗೆಲ್ಲುವುದು, ಸಂಜೆ ತಂದು ಅದೇ ಚೀಲದ ತಳಕ್ಕೆ ಸೇರಿಸುವುದು. ಮಡಿಲಿಗೆ ಬಿದ್ದ ಕಾಯಿಯನ್ನು ಯಾರು ಬಗ್ಗಿ ನೋಡುತ್ತಾರೆ. ಹದಿನೇಳು ವರ್ಷದ ಗಂಡುಮಗ ತಾಂಬೂಲದ ಬಗ್ಗೆ ಎಷ್ಟು ತಿಳಿದಿರಬಹುದೋ ಅಷ್ಟೇ ನನಗೂ ತಿಳಿದಿತ್ತು.

ಬೆಳಿಗ್ಗೆ ಅಮ್ಮ ಡೇರಿಗೆ ಹಾಲು ಹಾಕಲು ಹೋದ ಹೊತ್ತಿಗೆ ನಾನು ಚೀಲ ಹೊತ್ತು ಬಸ್ಸು ಹತ್ತಿದೆ.

ಬಂದವರು ತೆಳ್ಳಗಿನ, ಮೆತ್ತಗೆ ಮಾತಾಡುವ ಒಬ್ಬ ಸರ್. ಅಂಥವರೇ ಅಪಾಯ ಎಂದು ನನಗೆ ಅನುಭವವಿದೆ. ಕೈಯಲ್ಲಿ ಒಂದು ಪೆನ್ನು, ಒಂದು ಕಾಗದ, ಅದರ ಮೇಲೆ ನಮ್ಮ ಕಾಲೇಜಿನ ಹೆಸರು. ಪರದೆಯ ಮೇಲೆ ನನ್ನ ನಲವತ್ತರ ಗಂಟೆಯನ್ನು ಮಸುಕಾಗಿ ಹಾಕಿದ್ದರು, ಹೊಸ ಚುಕ್ಕೆಗಳು ಅದರ ಮೇಲೆ ಬೀಳಬೇಕು. ಸುಜಾತ ಮೇಡಂ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು. ಪಲ್ಲವಿ ಟ್ಯಾಬನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಪಕ್ಕ ನಿಂತಿದ್ದಳು.

ಸರ್ ಕಣ್ಣು ಮುಚ್ಚಿ ಚೀಲಕ್ಕೆ ಕೈ ಹಾಕಿ ಒಂದು ಕಾಯಿ ತೆಗೆದರು. ನುಣ್ಣಗೆ ಬೋಳು.

"ಇದಕ್ಕೆ ಜುಟ್ಟೇ ಇಲ್ವಲ್ಲಪ್ಪ?"

"ನಾರಿನ ತೂಕ ಲೆಕ್ಕಕ್ಕೆ ಬರಬಾರ್ದು ಅಂತ ಸರ್," ಎಂದೆ. ಬಾಯಿಗೆ ಬಂದದ್ದು ಅದು, ನನಗೇ ಹೆಮ್ಮೆಯಾಯಿತು.

ಎರಡನೆಯದಕ್ಕೆ ಜುಟ್ಟಿತ್ತು. "ಮತ್ತೆ ಇದಕ್ಕಿದೆ?"

"ಅದು ಹೋಲಿಕೆಗೆ ಸರ್."

ಸರ್ ಏನೋ ಬರೆದುಕೊಂಡರು. ನಾನು ತೂಗಿದೆ, ಕೂಗಿದೆ. ಪಲ್ಲವಿ ಒತ್ತಿದಳು. ಚುಕ್ಕೆ ಬಂದು ಕೂತಿತು. ಮೂರು, ನಾಲ್ಕು, ಐದು. ಒಂದೊಂದೂ ಹೇಳಿಕೊಟ್ಟ ಹಾಗೆ ತನ್ನ ಜಾಗಕ್ಕೆ ಹೋಗುತ್ತಿತ್ತು. ಹಿಂದಿನ ಬೆಂಚಿನವರು ಗುಸುಗುಸು ಎನ್ನತೊಡಗಿದರು, "ಲೇ, ಕರೆಕ್ಟಾಗಿ ಬೀಳ್ತಾವೆ ಕಣ್ಲಾ." ಎಂಟನೆಯದಕ್ಕೆ ಸರಾಸರಿಯ ಕೆಂಪು ಗೆರೆ ಐನೂರ ಅರವತ್ತರ ಮೇಲೆ ಬಂದು ಅಲ್ಲಾಡದೆ ನಿಂತಿತು. ಸರ್ ಮುಖದಲ್ಲಿ ಮೊದಲ ಬಾರಿಗೆ ಒಂದು ನಗು ಕಂಡಿತು. ಮೇಡಂ ಮಾತ್ರ ನಗುತ್ತಿರಲಿಲ್ಲ. ಪರದೆಯನ್ನು ಬಿಟ್ಟು ನನ್ನನ್ನು ನೋಡುತ್ತಿದ್ದರು.

ಒಂಬತ್ತನೆಯದನ್ನು ತೂಗಿ ಪಕ್ಕಕ್ಕಿಟ್ಟೆ. ಅದು ಉರುಳಿ ಪಲ್ಲವಿಯ ಕೈಗೆ ತಾಗಿತು. ಅವಳು ಅದನ್ನು ನೆಟ್ಟಗೆ ಕೂರಿಸಲು ಹೋದವಳು, ಜುಟ್ಟಿನೊಳಗೆ ಬೆರಳು ಸಿಕ್ಕಿ ನಿಂತಳು. ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ಚೇತು, ಇದ್ಕೆ ಮೇಣ ಮೆತ್ತೈತೆ," ಎಂದಳು.

ನಾನು ತಕ್ಕಡಿ ನೋಡುತ್ತ ನಿಂತೆ.

"ಚೇತು."

"ಒತ್ತೇ," ಎಂದೆ ಹಲ್ಲು ಕಚ್ಚಿ. "ಟ್ಯಾಬ್ ಬೇಕೋ ಬೇಡ್ವೋ ನಿಂಗೆ?"

ಅವಳ ಬೆರಳು ಪರದೆಯ ಮೇಲೆ ಗಾಳಿಯಲ್ಲೇ ನಿಂತಿತ್ತು. ಮೂರು ಸಲ ತೂಗುವ ಹುಡುಗಿ. ಎಲ್ಲರೂ ಆ ಬೆರಳನ್ನೇ ನೋಡುತ್ತಿದ್ದಾರೆ ಅನ್ನಿಸಿ ನಾನು ತೂಕವನ್ನು ಇನ್ನೊಮ್ಮೆ ಜೋರಾಗಿ ಕೂಗಿದೆ. "ಏನಮ್ಮ, ಸಿಗ್ನಲ್ ಹೋಯ್ತಾ?" ಎಂದರು ಸರ್, ನಗುತ್ತ. ಪಲ್ಲವಿ ನನ್ನ ಮುಖ ನೋಡಲಿಲ್ಲ. ಕಣ್ಣು ಕೆಳಗಿಟ್ಟು ಒತ್ತಿದಳು. ಚುಕ್ಕೆ ಹೋಗಿ ತನ್ನ ಜಾಗದಲ್ಲಿ ಕೂತಿತು. ಹತ್ತನೆಯದನ್ನೂ ಒತ್ತಿದಳು.

ಸರ್ ಹನ್ನೊಂದನೆಯ ಕಾಯಿಗೆ ಕೈ ಹಾಕಿ ಹೊರಗೆಳೆದರು. ಆಗ ಬಾಗಿಲಲ್ಲಿ ಅಮ್ಮ ಕಂಡಳು.

ಬಸ್ಸಿನಿಂದ ಇಳಿದು ಓಡಿಕೊಂಡೇ ಬಂದಿದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು. ಒಂದು ಕೈಯಲ್ಲಿ ಒಂದು ಹಿಡಿ ತೆಂಗಿನ ಜುಟ್ಟು, ಬಚ್ಚಲ ಹಿಂದೆ ನಾನು ಬೂದಿ ಮುಚ್ಚಿ ಬಂದಿದ್ದದ್ದು. ಪ್ರಿನ್ಸಿಪಾಲರ ರೂಮಿನ ಮುಂದೆ ಚಪ್ಪಲಿ ಬಿಟ್ಟು ನಡೆಯುವ ನನ್ನಮ್ಮ ಅವತ್ತು ಚಪ್ಪಲಿ ಕಾಲಲ್ಲೇ ಕ್ಲಾಸಿನ ನಡುವೆ ನಡೆದು ಬಂದಳು. ಮೇಡಂ, "ಬನ್ನಿಮ್ಮ, ಚೇತನ್ ತಾಯಿ ಅಲ್ವಾ," ಎಂದದ್ದು ಅವಳ ಕಿವಿಗೆ ಬೀಳಲಿಲ್ಲ. ಮೇಜಿನ ಮೇಲೆ ಸಾಲಾಗಿ ಕೂತಿದ್ದ ಕಾಯಿಗಳನ್ನು ನೋಡಿದಳು. ಜುಟ್ಟಿದ್ದ ಒಂದನ್ನು ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಇನ್ನೊಂದನ್ನು ಅಲ್ಲಾಡಿಸಿದಳು. ಮೂರನೆಯದನ್ನು ಅಲ್ಲಾಡಿಸಲಿಲ್ಲ.

"ನೀರೇ ಇಲ್ಲ," ಎಂದಳು. ಕೂಗಲಿಲ್ಲ, ಅದಕ್ಕೇ ಭಯವಾಯಿತು. "ನಾಳೆ ಬಂದೋರ ಮಡ್ಲಿಗೆ ಬೋಳುಕಾಯಿ, ಖಾಲಿಕಾಯಿ ಹಾಕ್ಲಾ? ನಿಮ್ಮಕ್ಕನ್ ಮುಖ ನೆನಪಾಗ್ಲಿಲ್ವೇನ್ಲಾ ನಿಂಗೆ?"

ಯಾರೂ ನಗಲಿಲ್ಲ. ಹಿಂದಿನ ಬೆಂಚಿನವರೂ ನಗಲಿಲ್ಲ.

"ಯಾಕ್ಲಾ ಹಿಂಗ್ಮಾಡ್ದೆ?"

ಸುಳ್ಳಿಗೆ ನಾನು ಎಂದೂ ಬರಗಾಲ ಕಂಡವನಲ್ಲ. ಬಾಯಿ ತೆರೆದರೆ ಸಾಕು, ಅದಾಗಿಯೇ ಒಂದು ಬಂದು ನಿಲ್ಲುತ್ತದೆ. ಅವತ್ತು ಬಾಯಿ ತೆರೆದೆ, ಏನೂ ಬರಲಿಲ್ಲ. ಸರ್ ಹನ್ನೊಂದನೆಯ ಕಾಯಿ ಹಿಡಿದುಕೊಂಡೇ ನಿಂತಿದ್ದರು. ಮೇಡಂ ಕಾಯುತ್ತಿದ್ದರು.

"ತೂಕ ಸರಿ ಬರ‍್ಲಿ ಅಂತ," ಎಂದೆ.

"ಯಾವ್ ತೂಕ?"

"ನಾನ್ ಬರೆದಿದ್ದು. ತೂಗ್ದೇನೆ ಬರೆದಿದ್ದು."

ಸರ್ ಪೆನ್ನಿಗೆ ಮುಚ್ಚಳ ಹಾಕಿದರು. ಆ ಟಿಕ್ ಎಂಬ ಸದ್ದು ಇಡೀ ಕ್ಲಾಸಿಗೆ ಕೇಳಿಸಿತು. ಸುಜಾತ ಮೇಡಂ ಕುರ್ಚಿಯ ಮೇಲೆ ಕೂತರು. ಅವರು ನಮ್ಮ ಕ್ಲಾಸಿನಲ್ಲಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಮ್ಮ ಕಾಯಿಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿದಳು. ಸರ್ ಕೈಯಲ್ಲಿದ್ದದ್ದಕ್ಕೆ ಕೈ ಚಾಚಿದಳು, ಅವರು ಕೊಟ್ಟರು. ಪಲ್ಲವಿ ತಾನು ಹಾಕಿದ್ದ ಹತ್ತು ಚುಕ್ಕೆಗಳನ್ನು ಒಂದೊಂದಾಗಿ ಅಳಿಸಿ, ಟ್ಯಾಬನ್ನು ಆರಿಸಿ, ತನ್ನ ವೇಲಿನ ತುದಿಯಿಂದ ಅದರ ಗಾಜು ಒರೆಸಿದಳು. ಆಮೇಲೆ ಯಾರೂ ಕೇಳುವ ಮೊದಲೇ ಮೂಲೆಗೆ ಹೋಗಿ, ಅದನ್ನು ರಟ್ಟಿನ ಡಬ್ಬದೊಳಗೆ ಇಟ್ಟಳು.